ಕೇಳಿದ್ದು ಒಂದಕ್ಕೆ, ಬಳಸಿದ್ದು ಇನ್ನೊಂದಕ್ಕೆ

1988ರ ಆಗಸ್ಟ್ 10ರಂದು ರಾಮಕೃಷ್ಣ ಹೆಗಡೆ ಕರ್ನಾಟಕದ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಅವರು ಚುನಾವಣೆಯಲ್ಲಿ ಸೋತಿರಲಿಲ್ಲ. ರಾಜ್ಯದ ಪೊಲೀಸರು ರಾಜಕಾರಣಿಗಳ, ಉದ್ಯಮಿಗಳ ಟೆಲಿಫೋನುಗಳನ್ನು ಕದ್ದು ಕೇಳಿಸಿಕೊಂಡಿದ್ದಾರೆ ಎಂಬ ಆರೋಪ ದೆಹಲಿಯವರೆಗೂ ಹೋಗಿ ಸಂಸತ್ತಿನಲ್ಲಿ ಗದ್ದಲವೆಬ್ಬಿಸಿತ್ತು. ಹೆಗಡೆ ನೈತಿಕ ಹೊಣೆ ಹೊತ್ತು ಇಳಿದರು. ಅವರ ಜಾಗಕ್ಕೆ ಎಸ್.ಆರ್. ಬೊಮ್ಮಾಯಿ ಬಂದರು.

ಮಧುಗಿರಿಯಿಂದ ಸಿರಾ ಕಡೆಗೆ ಹೋಗುವ ದಾರಿಯ ಬಡವನಹಳ್ಳಿಯಂಥ ಊರಿಗೆ ಅಂದು ಅದು ಬೆಂಗಳೂರಿನ ದೊಡ್ಡವರ ಸುದ್ದಿ. ಪರವೂರಿನವರೊಂದಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಕಾಲ ಅದು. ಇವತ್ತು ಅದೇ ಸೀಮೆಯಲ್ಲಿ ಕಡಲೆಕಾಯಿ ಬಿಡಿಸುವವರ ಕೈಯಲ್ಲೂ, ಹುಣಸೆಹಣ್ಣು ಕುಟ್ಟುವವರ ಸೆರಗಿನಲ್ಲೂ ಮೊಬೈಲ್ ಇದೆ. ರೇಷನ್ ಅಕ್ಕಿಗೆ ಬೆರಳು ಒತ್ತಬೇಕು, ಪಹಣಿಗೆ ಆಧಾರ್ ಜೋಡಿಸಬೇಕು, ಗೃಹಲಕ್ಷ್ಮಿ ಹಣಕ್ಕೆ ಬ್ಯಾಂಕ್ ಖಾತೆ ಆಧಾರ್‌ಗೆ ಸೇರಿರಬೇಕು. ಫೋನಿರುವ ಕೆಲವರನ್ನಷ್ಟೇ ತಟ್ಟುತ್ತಿದ್ದ ಕಣ್ಗಾವಲು ಮೂರೂವರೆ ದಶಕದಲ್ಲಿ ಎಲ್ಲರ ಹೊಸ್ತಿಲು ದಾಟಿ ಒಳಗೆ ಬಂದಿದೆ. ಹೇಗೆ ಬಂತು ಎಂಬುದಕ್ಕೆ ನಮ್ಮ ತುಮಕೂರು ಜಿಲ್ಲೆಯಲ್ಲೂ, ನಮ್ಮ ರಾಜ್ಯದಲ್ಲೂ ಸಾಕಷ್ಟು ಸಾಕ್ಷಿಯಿದೆ. ಪ್ರತಿ ಸಲವೂ ಒಂದು ಅಧಿಕಾರವನ್ನು ಒಂದು ಒಳ್ಳೆಯ ಕಾರಣ ಹೇಳಿ ಕೇಳಿದರು. ಆಮೇಲೆ ಅದನ್ನು ಬೇರೊಂದಕ್ಕೆ ಬಳಸಿದರು. ಆ ಕತೆಯನ್ನು ವರ್ಷವರ್ಷವಾಗಿ ಇಲ್ಲಿ ಹೇಳುತ್ತಿದ್ದೇನೆ.

ಬ್ರಿಟಿಷರ ಕಾನೂನು, ನಮ್ಮವರ ಕಿವಿ

ಹೆಗಡೆಯವರ ಕಾಲದಲ್ಲಿ ಫೋನ್ ಕದ್ದು ಕೇಳಲು ಇದ್ದ ಆಧಾರ 1885ರ ಟೆಲಿಗ್ರಾಫ್ ಕಾಯ್ದೆ. ಅದರ 5(2)ನೇ ಕಲಮಿನ ಪ್ರಕಾರ ಸಾರ್ವಜನಿಕ ತುರ್ತು ಸ್ಥಿತಿ ಇದ್ದಾಗ, ಇಲ್ಲವೇ ಸಾರ್ವಜನಿಕರ ಸುರಕ್ಷತೆಗೆ ಬೇಕಾದಾಗ ಮಾತ್ರ ಸರ್ಕಾರ ಸಂದೇಶಗಳನ್ನು ತಡೆಯಬಹುದಿತ್ತು, ನೋಡಬಹುದಿತ್ತು. ವಿರೋಧಿಗಳು ಯಾರ ಜೊತೆ ಮಾತಾಡುತ್ತಿದ್ದಾರೆ ಎಂದು ತಿಳಿಯುವ ಕುತೂಹಲಕ್ಕೆ ಆ ಕಲಮಿನಲ್ಲಿ ಜಾಗವಿರಲಿಲ್ಲ. ಆದರೆ ತಡೆಯುವವರೂ ಇರಲಿಲ್ಲ.

ತಡೆ ಬಂದದ್ದು 1996ರ ಡಿಸೆಂಬರ್ 18ರಂದು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮನೆಯಲ್ಲಿ ಅಥವಾ ಕಚೇರಿಯಲ್ಲಿ ಕೂತು ಫೋನಿನಲ್ಲಿ ಮಾತಾಡುವುದು ಮನುಷ್ಯನ ಖಾಸಗಿ ಬದುಕಿನ ಭಾಗ ಎಂದು ಒಪ್ಪಿಕೊಂಡಿತು. ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಆದೇಶದ ಅವಧಿ ಎರಡು ತಿಂಗಳು, ವಿಸ್ತರಿಸಿದರೂ ಆರು ತಿಂಗಳು ಮೀರಬಾರದು, ಮೇಲೊಂದು ಪರಿಶೀಲನಾ ಸಮಿತಿ ಇರಬೇಕು ಎಂದು ನಿಯಮ ಹಾಕಿತು. ಆದರೆ ಆದೇಶ ಕೊಡುವವರೂ ಅಧಿಕಾರಿಗಳು, ಪರಿಶೀಲಿಸುವವರೂ ಅಧಿಕಾರಿಗಳೇ. ನ್ಯಾಯಾಧೀಶರ ಅನುಮತಿ ಬೇಕೆಂಬ ಮಾತು ಅದರಲ್ಲಿ ಸೇರಲಿಲ್ಲ. ಇವತ್ತಿಗೂ ಸೇರಿಲ್ಲ.

ಬೇಲಿಯನ್ನು ಇನ್ನಷ್ಟು ಸಡಿಲ ಮಾಡಿದ್ದು 2008ರ ಡಿಸೆಂಬರ್. ಮುಂಬೈ ದಾಳಿಯ ನೋವು ಹಸಿಯಾಗಿದ್ದಾಗ ಸಂಸತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ತಿದ್ದುಪಡಿ ತಂದಿತು. ಹೊಸ 69ನೇ ಕಲಮಿನಲ್ಲಿ ತುರ್ತು ಸ್ಥಿತಿ ಇರಬೇಕೆಂಬ ಹಳೆಯ ಷರತ್ತು ಇಲ್ಲ. ಯಾವುದೇ ಅಪರಾಧದ ತನಿಖೆಗೂ ಕಂಪ್ಯೂಟರಿನ, ಮೊಬೈಲಿನ ಮಾಹಿತಿಯನ್ನು ತಡೆದು ನೋಡಬಹುದು. ಭಯೋತ್ಪಾದಕರ ಹೆಸರಿನಲ್ಲಿ ಕೇಳಿದ ಅಧಿಕಾರ ಕಾಗದದ ಮೇಲೆ ಎಲ್ಲರಿಗೂ ಅನ್ವಯವಾಯಿತು. 2018ರ ಡಿಸೆಂಬರ್ 20ರಂದು ಗೃಹ ಸಚಿವಾಲಯ ಈ ಕಲಮಿನಡಿ 10 ಸಂಸ್ಥೆಗಳ ಹೆಸರು ಸೂಚಿಸಿ ಆದೇಶ ಹೊರಡಿಸಿತು.

ತಪ್ಪು ವಿಳಾಸ, 50 ದಿನದ ಜೈಲು

ದಾಖಲೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು 2007ರಲ್ಲೇ ಕಂಡಿತ್ತು. ಆ ವರ್ಷ ಆಗಸ್ಟ್ 31ರಂದು ಪುಣೆ ಪೊಲೀಸರು ಬೆಂಗಳೂರಿಗೆ ಬಂದು ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರನ್ನು ಬಂಧಿಸಿದರು. ಆರ್ಕುಟ್ ಎಂಬ ಅಂದಿನ ಸಾಮಾಜಿಕ ಜಾಲತಾಣದಲ್ಲಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದ್ದಾನೆ ಎಂಬುದು ಆರೋಪ. ಚಿತ್ರ ಯಾವ ಐಪಿ ವಿಳಾಸದಿಂದ ಬಂತು ಎಂದು ಪೊಲೀಸರು ಕೇಳಿದ್ದರು. ಇಂಟರ್ನೆಟ್ ಕೊಟ್ಟಿದ್ದ ಏರ್‌ಟೆಲ್‌ನಿಂದ ಬಂದ ಉತ್ತರದಲ್ಲಿ ಅವರ ಹೆಸರಿತ್ತು. ಆ ಉತ್ತರವೇ ತಪ್ಪಾಗಿತ್ತು. ಅದು ಬೆಳಕಿಗೆ ಬಂದು ಅವರು ಹೊರಬರುವಷ್ಟರಲ್ಲಿ 50 ದಿನ ಜೈಲಿನಲ್ಲಿ ಕಳೆದಿದ್ದರು.

ಕಣ್ಗಾವಲಿನ ಬಗ್ಗೆ ಮಾತು ಬಂದಾಗೆಲ್ಲ, ತಪ್ಪು ಮಾಡದವನಿಗೆ ಯಾವ ಭಯ ಎಂದು ಕೇಳುವವರಿದ್ದಾರೆ. ಆ ಎಂಜಿನಿಯರ್ ಯಾವ ತಪ್ಪನ್ನೂ ಮಾಡಿರಲಿಲ್ಲ. ಅವರ ಮೇಲೆ ಹೊರಿಸಿದ ಸಾಕ್ಷಿ ಕಂಪ್ಯೂಟರಿನಿಂದ ಬಂದಿತ್ತು, ಆದ್ದರಿಂದ ಅದನ್ನು ಯಾರೂ ಪ್ರಶ್ನಿಸಲಿಲ್ಲ. ಊರಿನಲ್ಲಿ ಯಾರಾದರೂ ಚಾಡಿ ಹೇಳಿದರೆ, ಹೇಳಿದವರು ಯಾರು ಎಂದು ಕೇಳುವ ರೂಢಿ ನಮಗಿದೆ. ಯಂತ್ರ ಹೇಳಿದ್ದನ್ನು ಮಾತ್ರ ಕೇಳದೆ ನಂಬುತ್ತೇವೆ.

ಬೆರಳಚ್ಚು ಮೊದಲು ಕೇಳಿದ್ದು ಯಾರನ್ನು?

ಈಗ ನಮ್ಮ ಜಿಲ್ಲೆಗೆ ಬರೋಣ. 2001ರ ಸುಮಾರಿಗೆ ಕರ್ನಾಟಕದ ಎಲ್ಲ ತಾಲ್ಲೂಕುಗಳಿಗೂ ಹಬ್ಬಿದ ಭೂಮಿ ಯೋಜನೆ ಶಾನುಭೋಗರ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಪಹಣಿಗಾಗಿ ಗ್ರಾಮಲೆಕ್ಕಿಗರ ಹಿಂದೆ ಅಲೆದು ಕೈಬೆಚ್ಚಗೆ ಮಾಡಬೇಕಿದ್ದ ರೈತನಿಗೆ ಅದು ದೊಡ್ಡ ಬಿಡುಗಡೆ. ಆ ಯೋಜನೆಯಲ್ಲಿ ಬೆರಳಚ್ಚು ಯಂತ್ರವೂ ಇತ್ತು. ಅದರ ಮೇಲೆ ಬೆರಳಿಡಬೇಕಿದ್ದವನು ರೈತನಲ್ಲ, ದಾಖಲೆ ತಿದ್ದುವ ನೌಕರ. ಯಾರು ಯಾವ ಪಹಣಿಗೆ ಕೈಹಾಕಿದರು ಎಂಬುದಕ್ಕೆ ಗುರುತು ಉಳಿಯಲಿ, ಮುಂದೆ ನನ್ನಿಂದಲ್ಲ ಎಂದು ನುಣುಚಿಕೊಳ್ಳಲು ಆಗದಿರಲಿ ಎಂಬುದು ಉದ್ದೇಶ. ಅಧಿಕಾರ ಇದ್ದವರ ಮೇಲೆ ಕಣ್ಣಿಟ್ಟು ಅಧಿಕಾರ ಇಲ್ಲದವರನ್ನು ಕಾಯುವ ಏರ್ಪಾಟು ಅದು.

ಹತ್ತು ವರ್ಷದೊಳಗೆ ಯಂತ್ರ ಎದುರು ದಿಕ್ಕಿಗೆ ತಿರುಗಿತು. 2010ರಲ್ಲಿ ಕರ್ನಾಟಕದಲ್ಲಿ ಆಧಾರ್ ನೋಂದಣಿಯನ್ನು ಪ್ರಾಯೋಗಿಕವಾಗಿ ಶುರುಮಾಡಲು ಆರಿಸಿಕೊಂಡದ್ದು ಮೈಸೂರು ಮತ್ತು ತುಮಕೂರು ಜಿಲ್ಲೆಗಳನ್ನು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಜನ ರಾಜ್ಯದ ಬೇರೆ ಜಿಲ್ಲೆಗಳಿಗಿಂತ ಮೊದಲೇ ಸಾಲಿನಲ್ಲಿ ನಿಂತು ಹತ್ತು ಬೆರಳು, ಎರಡು ಕಣ್ಣು, ಮುಖ ಕೊಟ್ಟರು. ಆಗ ಆಧಾರ್‌ಗೆ ಕಾನೂನೇ ಇರಲಿಲ್ಲ. 2010ರ ಕೊನೆಯಲ್ಲಿ ಮಂಡಿಸಿದ ಮಸೂದೆಯನ್ನು ಸಂಸತ್ತಿನ ಸ್ಥಾಯಿ ಸಮಿತಿ 2011ರ ಡಿಸೆಂಬರಿನಲ್ಲಿ ತಿರಸ್ಕರಿಸಿತು. ಕಾಯ್ದೆ ಬಂದದ್ದು 2016ರಲ್ಲಿ. ಈ ಮಾಹಿತಿ ಎಲ್ಲಿ ಇರುತ್ತದೆ, ಯಾರು ನೋಡಬಹುದು, ಕಳುವಾದರೆ ಹೊಣೆ ಯಾರದ್ದು ಎಂಬುದಕ್ಕೆ ಕಾನೂನಿನ ಉತ್ತರ ಇಲ್ಲದೆ ನಮ್ಮ ಜಿಲ್ಲೆ ತನ್ನ ದೇಹದ ಗುರುತನ್ನು ಒಪ್ಪಿಸಿತ್ತು.

ಆಧಾರ್ ಸ್ವಇಚ್ಛೆಯದ್ದು ಎಂದು ಹೇಳಿದ್ದರು. ಆದರೆ 2013ರ ಜೂನ್ 1ರಂದು ಅಡುಗೆ ಅನಿಲದ ಸಬ್ಸಿಡಿಯನ್ನು ಆಧಾರ್ ಮೂಲಕ ಬ್ಯಾಂಕಿಗೆ ಹಾಕುವ ಯೋಜನೆ ದೇಶದ ಕೆಲವೇ ಜಿಲ್ಲೆಗಳಲ್ಲಿ ಆರಂಭವಾದಾಗ ಆ ಪಟ್ಟಿಯಲ್ಲೂ ತುಮಕೂರು ಇತ್ತು. ಗ್ಯಾಸ್‌ಗೆ ಸಬ್ಸಿಡಿ ಬೇಕಿದ್ದವರಿಗೆ ಇಚ್ಛೆಯ ಪ್ರಶ್ನೆ ಉಳಿಯಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್, ಆಧಾರ್ ಇಲ್ಲ ಎಂಬ ಕಾರಣಕ್ಕೆ ಯಾರಿಗೂ ತೊಂದರೆಯಾಗಬಾರದು ಎಂದು ಮಧ್ಯಂತರ ಆದೇಶ ಕೊಟ್ಟಿತು. ಆದೇಶ ದೆಹಲಿಯಲ್ಲಿತ್ತು. ಹಳ್ಳಿಯ ಕೌಂಟರಿನಲ್ಲಿ ಕೂತವರು ನಂಬರ್ ಕೇಳುವುದನ್ನು ಬಿಡಲಿಲ್ಲ.

ಮಣ್ಣಿನ ಕೆಲಸ ಮಾಡಿದವರ ಬೆರಳ ರೇಖೆ ಸವೆದಿರುತ್ತದೆ. ನ್ಯಾಯಬೆಲೆ ಅಂಗಡಿಯ ಯಂತ್ರ ಅದನ್ನು ಒಪ್ಪದಿದ್ದಾಗ ವಯಸ್ಸಾದವರು ಬೆರಳು ಒರೆಸಿ ಮತ್ತೆ ಮತ್ತೆ ಒತ್ತುವುದು, ಸರ್ವರ್ ಇಲ್ಲವೆಂದು ನಾಳೆ ಬರುವುದು, ಈ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಜೀವಮಾನವಿಡೀ ದುಡಿದ ಕೈ ತಾನು ಯಾರೆಂದು ಯಂತ್ರದ ಮುಂದೆ ಸಾಬೀತು ಮಾಡಬೇಕಾದ ಸ್ಥಿತಿ ನನಗೆ ನೋವು ಕೊಡುತ್ತದೆ. ಅದು ಅಕ್ಕಿ ಸಿಗುವ, ಸಿಗದಿರುವ ಪ್ರಶ್ನೆಗಿಂತ ದೊಡ್ಡದು.

ಪುಟ್ಟಸ್ವಾಮಿಯವರ ಅರ್ಜಿ

ಆಧಾರ್‌ಗೆ ಕಾನೂನಿನ ಬಲವಿಲ್ಲ ಎಂಬುದನ್ನು 2012ರಲ್ಲೇ ಸುಪ್ರೀಂ ಕೋರ್ಟಿನ ಮುಂದಿಟ್ಟವರು ಬೆಂಗಳೂರಿನಲ್ಲಿದ್ದ ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಗ ಅವರಿಗೆ 86 ವರ್ಷ. ಆಧಾರ್ ಕಟ್ಟಿದ ಸಂಸ್ಥೆಗೆ ಆಗ ಮುಂದಾಳಾಗಿದ್ದ ನಂದನ್ ನಿಲೇಕಣಿಯೂ ಬೆಂಗಳೂರಿನವರೇ. ದೇಶದ ಅತಿ ದೊಡ್ಡ ಗುರುತಿನ ಯೋಜನೆಯೂ ಅದನ್ನು ಪ್ರಶ್ನಿಸಿದ ಅತಿ ಮುಖ್ಯ ಅರ್ಜಿಯೂ ಒಂದೇ ನಗರದ ಇಬ್ಬರ ಹೆಸರಿನೊಂದಿಗೆ ಬೆಸೆದುಕೊಂಡಿವೆ.

2015ರಲ್ಲಿ ಕೇಂದ್ರ ಸರ್ಕಾರದ ಪರವಾಗಿ ಅಟಾರ್ನಿ ಜನರಲ್ ಮುಕುಲ್ ರೋಹಟಗಿ, ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕೇ ಅಲ್ಲ ಎಂದು ವಾದಿಸಿದರು. 1950 ಮತ್ತು 60ರ ದಶಕದ ಎರಡು ಹಳೆಯ ತೀರ್ಪುಗಳು ಅವರ ಬೆಂಬಲಕ್ಕಿದ್ದವು. ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಹಕ್ಕಿಗೆ ಸರ್ಕಾರ ಕೈಹಾಕಬೇಕಾದರೆ ಅದಕ್ಕೆ ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಮಾಡುವ ಕೆಲಸ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬ ಅಳತೆಗೋಲು ಆ ತೀರ್ಪಿನಿಂದ ಬಂತು.

ಮರುವರ್ಷ ಸೆಪ್ಟೆಂಬರ್ 26ರಂದು ಐವರ ಪೀಠ 4–1ರಿಂದ ಆಧಾರ್ ಕಾಯ್ದೆಯನ್ನು ಉಳಿಸಿತು. ಖಾಸಗಿ ಕಂಪನಿಗಳು ಆಧಾರ್ ಕೇಳಲು ಇದ್ದ ಅವಕಾಶವನ್ನು ತೆಗೆದುಹಾಕಿತು. ಇಡೀ ಕಾಯ್ದೆ ಸಂವಿಧಾನಕ್ಕೆ ವಿರುದ್ಧ ಎಂದು ಭಿನ್ನ ತೀರ್ಪು ಬರೆದವರು ಡಿ.ವೈ. ಚಂದ್ರಚೂಡ್. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನ 2017ರ ತೀರ್ಪನ್ನು ಇವತ್ತು ದೇಶದ ನ್ಯಾಯಾಲಯಗಳು ಉಲ್ಲೇಖಿಸುತ್ತವೆ.

ಮೆಮೊರಿ ಕಾರ್ಡಿನ ಕಾಲ

ಇದೇ ವರ್ಷಗಳಲ್ಲಿ ಹಳ್ಳಿಗಳಲ್ಲಿ ಇನ್ನೊಂದು ಬದಲಾವಣೆ ನಡೆಯುತ್ತಿತ್ತು. ಹಾಡು, ಸಿನಿಮಾ ಕ್ಯಾಸೆಟ್ಟಿನಿಂದ ಸಿಡಿಗೆ, ಸಿಡಿಯಿಂದ ಮೆಮೊರಿ ಕಾರ್ಡಿಗೆ ಬಂದವು. ರೀಚಾರ್ಜ್ ಅಂಗಡಿಯ ಕಂಪ್ಯೂಟರಿನಿಂದ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುವುದು, ಅರಳಿಕಟ್ಟೆಯ ಮೇಲೆ ಕೂತು ಬ್ಲೂಟೂತ್‌ನಲ್ಲಿ ದಾಟಿಸುವುದು, ಆಮೇಲೆ ಶೇರ್‌ಇಟ್, ಝೆಂಡರ್ ಆ್ಯಪ್‌ಗಳು ಬಂದಾಗ ಇಂಟರ್ನೆಟ್ ಇಲ್ಲದೆಯೂ ಇಡೀ ಸಿನಿಮಾವನ್ನು ನಿಮಿಷಗಳಲ್ಲಿ ಕಳಿಸುವುದು ರೂಢಿಯಾಯಿತು. ಸಿನಿಮಾ ಹಾಡಿನ ಜೊತೆಗೆ ಊರಿನವರೇ ಆಡಿದ ಕುರುಕ್ಷೇತ್ರ ನಾಟಕದ ರೆಕಾರ್ಡಿಂಗ್, ಭಜನೆ, ಮದುವೆ ವಿಡಿಯೊ ಎಲ್ಲವೂ ಕೈಯಿಂದ ಕೈಗೆ ಹೋದವು.

ಕದ್ದ ಸಿನಿಮಾದಿಂದ ನಿರ್ಮಾಪಕರಿಗೆ, ಕಲಾವಿದರಿಗೆ ನಷ್ಟವಾಗಿದ್ದು ನಿಜ. ಕನ್ನಡದಂಥ ಚಿಕ್ಕ ಮಾರುಕಟ್ಟೆಗೆ ಆ ಪೆಟ್ಟು ಇನ್ನೂ ಜೋರು. ಅದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ, ಅದರಡಿ ವಿಚಾರಣೆ ನಡೆದು ಮೂರು ವರ್ಷದವರೆಗೆ ಶಿಕ್ಷೆಯಾಗಬಹುದು. ಕರ್ನಾಟಕ ಬೇರೆ ದಾರಿಯನ್ನೂ ಹಿಡಿಯಿತು. ಗೂಂಡಾ ಕಾಯ್ದೆ ಎಂದು ನಾವೆಲ್ಲ ಕರೆಯುವ 1985ರ ಕಾನೂನು ಕಳ್ಳಭಟ್ಟಿಯವರು, ಜೂಜುಕೋರರು, ರೌಡಿಗಳು ಇಂಥವರನ್ನು ಮುಂಜಾಗ್ರತೆಯಾಗಿ ಬಂಧನದಲ್ಲಿಡಲು ಮಾಡಿದ್ದು. ಮುಂದೆ ಅದರೊಳಗೆ ವಿಡಿಯೊ, ಆಡಿಯೊ ನಕಲು ಮಾಡುವವರು ಬಂದರು. 2014ರ ತಿದ್ದುಪಡಿಯಲ್ಲಿ ಡಿಜಿಟಲ್ ಅಪರಾಧಿ ಎಂಬ ವರ್ಗ ಸೇರಿತು. ವ್ಯಾಪಾರದ ಉದ್ದೇಶಕ್ಕೆ ಪುಸ್ತಕ, ಸಂಗೀತ, ಸಿನಿಮಾ, ಸಾಫ್ಟ್‌ವೇರ್‌ಗಳ ಕೃತಿಸ್ವಾಮ್ಯ ಮುರಿಯುವವರನ್ನೂ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಹಲವು ಕಲಮುಗಳಡಿ ಅಪರಾಧ ಮಾಡಿದವರನ್ನೂ ಅದು ಒಳಗೊಂಡಿತು. ಈ ಕಾನೂನಿನಲ್ಲಿ ವಿಚಾರಣೆ ಇಲ್ಲದೆ ಒಂದು ವರ್ಷದವರೆಗೆ ಒಳಗಿಡಲು ಅವಕಾಶವಿದೆ. ಅಪರಾಧ ಸಾಬೀತಾದರೆ ಶಿಕ್ಷೆ ಎಂಬ ಸಾಮಾನ್ಯ ನ್ಯಾಯವನ್ನು ಬದಿಗಿಟ್ಟು, ಮುಂದೆ ಮಾಡಬಹುದು ಎಂಬ ಅನುಮಾನದ ಮೇಲೆ ಹಿಡಿಯುವ ಕಾನೂನಿಗೆ ಹಾಡು ತುಂಬಿಸುವ ಅಂಗಡಿಯವನನ್ನೂ ತಂದು ನಿಲ್ಲಿಸಿದ್ದು ನನ್ನ ದೃಷ್ಟಿಯಲ್ಲಿ ಅತಿರೇಕ.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂತು. ಡೇಟಾ ಅಗ್ಗವಾಯಿತು, ಮೆಮೊರಿ ಕಾರ್ಡ್ ಮೂಲೆ ಸೇರಿತು. ಅರಳಿಕಟ್ಟೆಯಲ್ಲಿ ದಾಟಿಸಿದ ಹಾಡಿನ ಲೆಕ್ಕ ಯಾರ ಬಳಿಯೂ ಇರಲಿಲ್ಲ. ಈಗ ಯಾರು, ಯಾವ ಹೊತ್ತಿಗೆ, ಯಾವ ಟವರಿನಡಿ ನಿಂತು, ಏನು ನೋಡಿದರು ಎಂಬುದರ ಗುರುತು ಕಂಪನಿಗಳ ಬಳಿ ಉಳಿಯುತ್ತದೆ. ಸರ್ಕಾರ ಕೇಳಿದರೆ ಅದು ಸಿಗುತ್ತದೆ. 2020ರ ಜೂನ್ 29ರಂದು ಚೀನಾ ಜೊತೆಗಿನ ಗಲ್ವಾನ್ ಘರ್ಷಣೆಯ ಬೆನ್ನಲ್ಲೇ ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಭಾರತೀಯರ ಮಾಹಿತಿ ಹೊರದೇಶದ ಸರ್ವರ್‌ಗಳಿಗೆ ಹೋಗುತ್ತಿದೆ ಎಂಬುದು ಕೊಟ್ಟ ಕಾರಣಗಳಲ್ಲೊಂದು. ಟಿಕ್‌ಟಾಕ್ ಜೊತೆ ಶೇರ್‌ಇಟ್, ಝೆಂಡರ್ ಕೂಡ ಹೋದವು. ಹೊರದೇಶದ ಕಣ್ಣಿನಿಂದ ನಮ್ಮನ್ನು ಕಾಯಬೇಕೆಂಬ ಕಾಳಜಿ ಸರಿಯಾದದ್ದೇ. ಆದರೆ ಒಳಗಿನ ಕಣ್ಣಿನಿಂದ ಕಾಯುವ ಒಂದು ಪೂರ್ಣ ಕಾಯ್ದೆ ಆಗ ದೇಶದಲ್ಲಿ ಇರಲಿಲ್ಲ.

ಐದು ಎಸ್‌ಎಂಎಸ್

ಮಾತಿಗೂ ಮಿತಿ ಹಾಕಬಹುದು ಎಂದು ನಾವು ಮೊದಲು ಅನುಭವಿಸಿದ್ದು 2012ರ ಆಗಸ್ಟಿನಲ್ಲಿ. ತಮ್ಮ ಮೇಲೆ ದಾಳಿಯಾಗುತ್ತದೆ ಎಂಬ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ಆಗಸ್ಟ್ 17ರಂದು ಕೇಂದ್ರ ಸರ್ಕಾರ ದೇಶಕ್ಕೆಲ್ಲ ಅನ್ವಯವಾಗುವಂತೆ, 15 ದಿನ ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸಬಾರದು ಎಂದು ಆದೇಶಿಸಿತು. ಜೊತೆಗೆ ವೆಬ್ ಪುಟಗಳನ್ನು ತಡೆಯಿತು. ತಡೆದ 309 ಕೊಂಡಿಗಳ ಪಟ್ಟಿಯನ್ನು ಪರಿಶೀಲಿಸಿದ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿ, ಅದರಲ್ಲಿ ವದಂತಿಯನ್ನು ಅಲ್ಲಗಳೆಯುವ ಪುಟಗಳೂ ಸೇರಿವೆ ಎಂದು ತೋರಿಸಿತು. ಆ ದಿನಗಳಲ್ಲಿ ಭಯ ನಿಜವಾಗಿತ್ತು, ಸರ್ಕಾರ ಏನಾದರೂ ಮಾಡಲೇಬೇಕಿತ್ತು. ಆದರೆ ಸುಳ್ಳನ್ನು ತಡೆಯುವ ಬಲೆಯಲ್ಲಿ ನಿಜವೂ ಸಿಕ್ಕಿಬಿತ್ತು.

2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್, ಇಂಟರ್ನೆಟ್ಟಿನಲ್ಲಿ ಬರೆದದ್ದಕ್ಕೆ ಶಿಕ್ಷೆ ಕೊಡುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದು ಮಾಡಿ ಮಾತಿನ ಸ್ವಾತಂತ್ರ್ಯಕ್ಕೆ ಉಸಿರು ಕೊಟ್ಟಿತು. ಪುಟಗಳನ್ನು ತಡೆಯುವ 69ಎ ಮಾತ್ರ ಉಳಿಯಿತು. ಅದರ ನಿಯಮಗಳಲ್ಲಿ ಆದೇಶವನ್ನು ಗುಟ್ಟಾಗಿಡಬೇಕೆಂಬ ಮಾತಿದೆ. ಇಂಥ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಕರ್ನಾಟಕ ಹೈಕೋರ್ಟಿಗೆ ಬಂದಾಗ, 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿ ವಜಾ ಮಾಡಿ ಕಂಪನಿಗೆ 50 ಲಕ್ಷ ರೂಪಾಯಿ ದಂಡ ಹಾಕಿದರು. 2025ರ ಸೆಪ್ಟೆಂಬರ್ 24ರಂದು, ತೆಗೆದುಹಾಕುವ ಸೂಚನೆಗಳನ್ನು ಕಳಿಸಲು ಕೇಂದ್ರ ರೂಪಿಸಿದ ಸಹಯೋಗ್ ಪೋರ್ಟಲ್ ವಿರುದ್ಧದ ಅರ್ಜಿಯನ್ನೂ ಇದೇ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ತಳ್ಳಿಹಾಕಿದರು. ಎರಡೂ ಕಡೆ ಕೋರ್ಟಿಗೆ ಹೋದದ್ದು ದೊಡ್ಡ ವಿದೇಶಿ ಕಂಪನಿ. ಬರೆದದ್ದು ಮಾಯವಾದ ಸಾಮಾನ್ಯ ಬಳಕೆದಾರನಿಗೆ ಕಾರಣ ತಿಳಿಯುವ ದಾರಿ ಇನ್ನೂ ಇಕ್ಕಟ್ಟಾಗಿಯೇ ಇದೆ.

ಕೊರಟಗೆರೆಯ ಶಾಸಕರ ನಂಬರ್

2021ರ ಜುಲೈ 18ರಂದು ಹಲವು ದೇಶಗಳ ಮಾಧ್ಯಮಗಳು ಒಟ್ಟಾಗಿ ಪೆಗಾಸಸ್ ವರದಿ ಪ್ರಕಟಿಸಿದವು. ಇಸ್ರೇಲಿನ ಎನ್‌ಎಸ್‌ಒ ಕಂಪನಿ ಮಾಡಿದ ಈ ಕಳ್ಳ ತಂತ್ರಾಂಶ ಫೋನಿಗೆ ಹೊಕ್ಕರೆ ಸಂದೇಶ, ಚಿತ್ರ, ಮೈಕು, ಕ್ಯಾಮೆರಾ ಎಲ್ಲವೂ ಬೇರೆಯವರ ವಶ. ಇದನ್ನು ಸರ್ಕಾರಗಳಿಗೆ ಮಾತ್ರ ಮಾರುತ್ತೇವೆ ಎಂದು ಕಂಪನಿ ಹೇಳುತ್ತದೆ. ಗುರಿಯಾಗಿರಬಹುದಾದವರ ಪಟ್ಟಿಯಲ್ಲಿ, 2019ರಲ್ಲಿ ಕರ್ನಾಟಕದ ಮೈತ್ರಿ ಸರ್ಕಾರ ಬೀಳುವ ಹೊತ್ತಿನಲ್ಲಿ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ ಅವರ ನಂಬರೂ, ಎಚ್.ಡಿ. ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ನಂಬರುಗಳೂ ಇದ್ದವು. ಪರಮೇಶ್ವರ 1989, 1999, 2004ರಲ್ಲಿ ಮಧುಗಿರಿಯಿಂದ ಗೆದ್ದವರು, ಆಗ ಕೊರಟಗೆರೆಯ ಶಾಸಕರು. ಪಟ್ಟಿಯಲ್ಲಿ ನಂಬರ್ ಇದ್ದ ಮಾತ್ರಕ್ಕೆ ಫೋನಿಗೆ ತಂತ್ರಾಂಶ ಹೊಕ್ಕಿತ್ತು ಎಂದಾಗುವುದಿಲ್ಲ. ಆದರೆ ಈ ಸೀಮೆಯ ಮತದಾರರು ಆರಿಸಿ ಕಳಿಸಿದ ಪ್ರತಿನಿಧಿಯ ಫೋನು ಆ ಪಟ್ಟಿಗೆ ಹೇಗೆ ಬಂತು ಎಂದು ಕೇಳುವ ಹಕ್ಕು ಆ ಮತದಾರರಿಗೆ ಇತ್ತು.

ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್ 27ರಂದು ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲುಸ್ತುವಾರಿಯಲ್ಲಿ ತಾಂತ್ರಿಕ ಸಮಿತಿ ರಚಿಸಿತು. ಅವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲೂ ನ್ಯಾಯಮೂರ್ತಿಯಾಗಿದ್ದವರು. ಪರೀಕ್ಷಿಸಿದ 29 ಫೋನುಗಳಲ್ಲಿ 5ರಲ್ಲಿ ಕಳ್ಳ ತಂತ್ರಾಂಶ ಸಿಕ್ಕಿದೆ, ಅದು ಪೆಗಾಸಸ್ಸೇ ಎಂದು ಹೇಳಲಾಗದು, ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಎಂದು 2022ರ ಆಗಸ್ಟಿನಲ್ಲಿ ಕೋರ್ಟ್ ತಿಳಿಸಿತು.

1988ರಲ್ಲಿ ಕದ್ದಾಲಿಕೆಯ ಆರೋಪಕ್ಕೇ ಒಬ್ಬ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. 2019ರ ಆಗಸ್ಟಿನಲ್ಲಿ ಹಿಂದಿನ ಸರ್ಕಾರದ ಕಾಲದ ಫೋನ್ ಕದ್ದಾಲಿಕೆ ಆರೋಪವನ್ನು ಯಡಿಯೂರಪ್ಪ ಸರ್ಕಾರ ಸಿಬಿಐಗೆ ಒಪ್ಪಿಸಿತು, ಅದು ಪಕ್ಷಗಳ ಜಗಳವಾಗಿ ಕರಗಿತು. 2021ರಲ್ಲಿ ಪೆಗಾಸಸ್ ಕಾರಣಕ್ಕೆ ಯಾರೂ ಯಾವ ಸ್ಥಾನವನ್ನೂ ಬಿಡಲಿಲ್ಲ. ಉಪಕರಣಗಳು ಎಷ್ಟು ಹರಿತವಾದವೋ ಉತ್ತರ ಹೇಳಬೇಕೆಂಬ ನಾಚಿಕೆ ಅಷ್ಟೇ ಮೊಂಡಾಯಿತು. ಈ ಇತಿಹಾಸದಲ್ಲಿ ನಾವು ಕಳೆದುಕೊಂಡದ್ದರಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಅದೇ.

ಕೇಳಬೇಕಾದ ಮೂರು ಪ್ರಶ್ನೆ

ಹಳ್ಳಿಗೂ ಇದಕ್ಕೂ ಏನು ಸಂಬಂಧ ಎನ್ನುವವರಿಗೆ 2023 ಉತ್ತರ ಕೊಟ್ಟಿದೆ. ಆ ವರ್ಷ ಕರ್ನಾಟಕದ ಹಲವೆಡೆ, ಉಪನೋಂದಣಿ ಕಚೇರಿಯಲ್ಲಿ ಆಸ್ತಿ ಪತ್ರಕ್ಕೆ ಒತ್ತಿದ ಬೆರಳಚ್ಚನ್ನು ಕದ್ದು, ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಬ್ಯಾಂಕ್ ಖಾತೆ ಬರಿದು ಮಾಡಿದ ದೂರುಗಳು ಬಂದವು. ಪಿನ್ ನಂಬರ್ ಕಳುವಾದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಮರುವರ್ಷ ಕಂದಾಯ ಇಲಾಖೆ ರಾಜ್ಯದಾದ್ಯಂತ ಪಹಣಿಗೆ ಆಧಾರ್ ಜೋಡಿಸುವ ಕೆಲಸಕ್ಕೆ ಇಳಿಯಿತು. ಭೂಕಬಳಿಕೆ ತಡೆಯುವುದು ಅದರ ಉದ್ದೇಶ, ಒಳ್ಳೆಯದೇ. ಹೊಲ, ಬ್ಯಾಂಕು, ರೇಷನ್ನು, ಫೋನು ಎಲ್ಲವೂ ಒಂದೇ ನಂಬರಿಗೆ ಕಟ್ಟಿಕೊಂಡಾಗ ಆ ನಂಬರನ್ನು ಕಾಯುವ ಕಾನೂನೂ ಅಷ್ಟೇ ಗಟ್ಟಿಯಾಗಿರಬೇಕು.

ಹಾಗಿದೆಯೇ? ಬೆಂಗಳೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಸಮಿತಿ 2018ರಲ್ಲಿ ದತ್ತಾಂಶ ರಕ್ಷಣೆಯ ಕರಡು ಕೊಟ್ಟಿತು. ಐದು ವರ್ಷ ಕಳೆದು 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ 17ನೇ ಕಲಮು, ಸರ್ಕಾರ ತಾನು ಆರಿಸಿದ ಸಂಸ್ಥೆಗಳನ್ನು ಕಾಯ್ದೆಯಿಂದಲೇ ಹೊರಗಿಡಲು ಬಿಡುತ್ತದೆ. ಅದೇ ಕಾಯ್ದೆ ಮಾಹಿತಿ ಹಕ್ಕಿನ ಕಾನೂನಿಗೂ ಕೈಹಾಕಿ, ಅಧಿಕಾರಿಗಳ ವಿವರವನ್ನು ವೈಯಕ್ತಿಕ ಎಂದು ಮುಚ್ಚಿಡುವುದನ್ನು ಸುಲಭ ಮಾಡಿದೆ. ಭೂಮಿ ಯೋಜನೆಯಲ್ಲಿ ನೌಕರನ ಬೆರಳಚ್ಚು ಹಿಡಿದಿಟ್ಟ ಯೋಚನೆಗೆ ಇದು ಪೂರ್ತಿ ತಿರುಗುಮುರುಗು. ಪ್ರಜೆ ಸರ್ಕಾರಕ್ಕೆ ತೆರೆದಿಟ್ಟ ಪುಸ್ತಕವಾಗಿ, ಸರ್ಕಾರ ಪ್ರಜೆಗೆ ಮುಚ್ಚಿಕೊಂಡರೆ ಅದನ್ನು ಪ್ರಜಾಪ್ರಭುತ್ವ ಎನ್ನಲಾಗದು.

ತಂತ್ರಜ್ಞಾನವನ್ನು ಬಿಟ್ಟು ಬದುಕಲು ಯಾರಿಗೂ ಆಗದು, ಆಗಬೇಕಿಲ್ಲ. ಆಧಾರ್ ಇದ್ದವರು ತಮ್ಮ ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಬಹುದು, ಬೇಕಾದಾಗ ಮಾತ್ರ ತೆರೆಯಬಹುದು. ಅದು ಒಬ್ಬೊಬ್ಬರ ಎಚ್ಚರಿಕೆ. ಎಲ್ಲರೂ ಸೇರಿ ಮಾಡಬೇಕಾದ ಕೆಲಸ ಬೇರೆ ಇದೆ. ಗ್ರಾಮಸಭೆಯಲ್ಲಿ, ನಾಡಕಚೇರಿಯಲ್ಲಿ, ಮತ ಕೇಳಲು ಬಂದವರ ಮುಂದೆ ಮೂರು ಪ್ರಶ್ನೆ ಕೇಳಬೇಕು: ಈ ಮಾಹಿತಿ ಯಾವ ಕಾನೂನಿನ ಪ್ರಕಾರ ಕೇಳುತ್ತೀರಿ? ಯಾವ ಕೆಲಸಕ್ಕೆ, ಎಷ್ಟು ದಿನಕ್ಕೆ? ದುರ್ಬಳಕೆಯಾದರೆ ಉತ್ತರ ಹೇಳುವವರು ಯಾರು? ಮೊದಲೆರಡು ಪ್ರಶ್ನೆಗೆ ಬೇಕಾದ ಬಲವನ್ನು 2017ರ ತೀರ್ಪು ನಮಗೆ ಕೊಟ್ಟಿದೆ. ಮೂರನೆಯದಕ್ಕೆ ಉತ್ತರ ಇನ್ನೂ ಯಾವ ಕಾನೂನಿನಲ್ಲೂ ಸರಿಯಾಗಿ ಬರೆದಿಲ್ಲ. ಕಣ್ಗಾವಲಿನ ಆದೇಶಕ್ಕೆ ನ್ಯಾಯಾಧೀಶರ ಸಹಿ ಬೇಕು, ತನಿಖೆ ಮುಗಿದ ಮೇಲೆ ಆ ವ್ಯಕ್ತಿಗೆ ತಿಳಿಸಬೇಕು, ತಪ್ಪಾಗಿದ್ದರೆ ಪರಿಹಾರ ಕೊಡಬೇಕು ಎಂದು ಬರೆಸುವವರೆಗೆ ಕೇಳುತ್ತಲೇ ಇರಬೇಕು. ಆಧಾರ್‌ಗೆ ರಾಜ್ಯದಲ್ಲಿ ಮೊದಲ ಸಾಲಿನಲ್ಲೇ ನಿಂತು ಬೆರಳು ಕೊಟ್ಟ ಜಿಲ್ಲೆ ಈ ಪ್ರಶ್ನೆಗಳನ್ನು ಕೇಳುವುದರಲ್ಲೂ ಮೊದಲಾಗಲಿ.